ಶುಚಿ, ಮಂಗಲ, ಪವಿತ್ರ: ಧಾರ್ಮಿಕ ಭಾಷೆಯ ಒಂದು ವಿವೇಚನೆ

ಬಸದಿಗಳ ವಾರ್ಷಿಕೋತ್ಸವ, ಪಂಚಕಲ್ಯಾಣ, ಮಾನಸ್ತಂಭ ಪ್ರತಿಷ್ಠೆ ಮೊದಲಾದ ಸಂದರ್ಭಗಳಲ್ಲಿ ಅಚ್ಚಾಗುವ ಆಮಂತ್ರಣ ಪತ್ರಿಕೆಗಳನ್ನು ಹತ್ತು ಹದಿನೈದು ಒಟ್ಟಿಗಿಟ್ಟು ಓದಿದರೆ ಒಂದು ಮಾತು ಎಲ್ಲೆಲ್ಲಿಯೂ ಎದುರಾಗುತ್ತದೆ. ಪವಿತ್ರ ಕ್ಷೇತ್ರ, ಪವಿತ್ರ ಸಾನ್ನಿಧ್ಯ, ಪವಿತ್ರ ಕಳಶ, ಪವಿತ್ರ ಗಂಧೋದಕ, ಪವಿತ್ರ ದಿನ, ಪವಿತ್ರ ಗ್ರಂಥ. ಪೂಜಾ ಪುಸ್ತಕಗಳ ಮುನ್ನುಡಿಗಳಲ್ಲಿಯೂ ಟ್ರಸ್ಟುಗಳ ವಾರ್ಷಿಕ ವರದಿಗಳಲ್ಲಿಯೂ ಇದೇ ಮಾತು. ಈ ವಿಶೇಷಣವನ್ನು ಎಲ್ಲ ಕಡೆಗಳಿಂದಲೂ ತೆಗೆದುಹಾಕಿದರೆ ವಾಕ್ಯಗಳ ಅರ್ಥಕ್ಕೆ ಯಾವ ಊನವೂ ಬಾರದು. ಊನವಾಗದಂತೆ ತೆಗೆಯಬಹುದಾದ ಮಾತು ತನ್ನ ಅರ್ಥವನ್ನು ಎಲ್ಲಿಯೋ ಕಳೆದುಕೊಂಡಿದೆಯೆಂದೇ ತಿಳಿಯಬೇಕಾಗುತ್ತದೆ.

ಇದು ಕೇವಲ ಶೈಲಿಯ ದೋಷವಾಗಿದ್ದರೆ ಅಚ್ಚುಕೂಟದವರಿಗೆ ಬಿಟ್ಟುಬಿಡಬಹುದಾಗಿತ್ತು. ಆದರೆ ಯಾವುದನ್ನು ಪವಿತ್ರವೆಂದು ಕರೆಯುತ್ತಾರೋ ಅದರ ಮೇಲೆಯೇ ಸಮಾಜದ ಹಣವೂ ಶ್ರಮವೂ ಗೌರವವೂ ಹರಿಯುತ್ತವೆ. ಬಸದಿಯ ಹಣ ಶಿಖರಕ್ಕೆ ಸಲ್ಲಬೇಕೆ, ಪಾಠಶಾಲೆಗೆ ಸಲ್ಲಬೇಕೆ ಎಂಬ ತೀರ್ಮಾನದ ಹಿಂದೆಯೂ, ಓಲೆಗರಿಯ ಕಟ್ಟನ್ನು ಬಿಚ್ಚಬಹುದೆ ಇಲ್ಲವೆ ಎಂಬ ಚರ್ಚೆಯ ಹಿಂದೆಯೂ ಈ ಮಾತಿನ ಬಗೆಗೆ ಒಂದು ಕಲ್ಪನೆ ಕೆಲಸ ಮಾಡುತ್ತಿರುತ್ತದೆ. ಜಗತ್ಕರ್ತನನ್ನೊಪ್ಪದ, ಅನುಗ್ರಹವನ್ನು ಬೇಡದ ಧರ್ಮದಲ್ಲಿ ಪವಿತ್ರತೆಯೆಂಬುದು ಎಲ್ಲಿಂದ ಬರುತ್ತದೆ? ಆಚಾರ್ಯರು ಈ ಪ್ರಶ್ನೆಗೆ ಬಹು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದ್ದಾರೆ. ಇಂದಿನ ಬಳಕೆ ಆ ಉತ್ತರದ ಕಡೆಗೆ ಬೆನ್ನುಮಾಡಿ ನಿಂತಿದೆ.

ಮೊದಲಿಗೆ ಪಾಶ್ಚಾತ್ಯ ವಿದ್ವಾಂಸರ ಮಾತನ್ನು ನೋಡಬಹುದು, ಏಕೆಂದರೆ ಧರ್ಮಗಳ ತೌಲನಿಕ ಅಧ್ಯಯನದ ಪುಸ್ತಕಗಳೆಲ್ಲವೂ ಅಲ್ಲಿಂದಲೇ ಆರಂಭವಾಗುತ್ತವೆ. ಫ್ರಾನ್ಸಿನ ಎಮಿಲ್ ಡರ್ಖೀಮ್ 1912ರ ತನ್ನ ಗ್ರಂಥದಲ್ಲಿ, ಲೋಕದ ಉಳಿದ ವಸ್ತುಗಳಿಂದ ಬೇರ್ಪಡಿಸಿ, ನಿಷೇಧಗಳ ಬೇಲಿ ಹಾಕಿ ಇಟ್ಟದ್ದೇ ಪವಿತ್ರವೆಂದು ವಿವರಿಸಿದನು. ಬೌದ್ಧಧರ್ಮದಂತೆ ಜೈನಧರ್ಮವೂ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲವೆಂಬುದನ್ನು ಆತನು ಗಮನಿಸಿದ್ದನು. ಧರ್ಮಕ್ಕೆ ದೇವರು ಅನಿವಾರ್ಯವಲ್ಲ, ಪವಿತ್ರವೆಂಬ ಭಾವನೆ ಅನಿವಾರ್ಯವೆಂಬುದು ಆತನ ವಾದ. ಜರ್ಮನಿಯ ರುಡಾಲ್ಫ್ ಒಟ್ಟೊ 1917ರಲ್ಲಿ ಬೇರೊಂದು ದಾರಿ ಹಿಡಿದನು. ಪವಿತ್ರವೆಂಬುದರಲ್ಲಿ ಒಳ್ಳೆಯದು ಎಂಬ ನೈತಿಕ ಅರ್ಥವನ್ನು ಕಳೆದರೂ ಉಳಿಯುವ ಒಂದು ಅಂಶವಿದೆ. ಅದು ಮನುಷ್ಯನನ್ನು ನಡುಗಿಸುತ್ತದೆ, ಸೆಳೆಯುತ್ತದೆ. ಅದು ಮನುಷ್ಯನಿಗಿಂತ ಸಂಪೂರ್ಣವಾಗಿ ಅನ್ಯವಾದುದು ಎಂದನು.

ಇವೆರಡೂ ಬೆಲೆಯುಳ್ಳ ಗ್ರಂಥಗಳೇ. ಆದರೆ ಎರಡರಲ್ಲಿಯೂ ಪವಿತ್ರವೆಂಬುದು ಮನುಷ್ಯನ ಎದುರಿಗೆ ನಿಂತಿರುವ ಒಂದು ವಸ್ತು ಅಥವಾ ಶಕ್ತಿ. ಒಂದರಲ್ಲಿ ಬೇಲಿ, ಇನ್ನೊಂದರಲ್ಲಿ ಭಯ. ಸಿದ್ಧಪರಮೇಷ್ಠಿಯು ಸಂಪೂರ್ಣ ಅನ್ಯನೆಂದು ಹೇಳಿದರೆ ಜೈನಸಿದ್ಧಾಂತದ ಬುಡವೇ ಅಲುಗುತ್ತದೆ. ಸಿದ್ಧನ ಆತ್ಮಕ್ಕೂ ಅಂಗಡಿಯಲ್ಲಿ ತಕ್ಕಡಿ ಹಿಡಿದು ಕುಳಿತ ಶ್ರಾವಕನ ಆತ್ಮಕ್ಕೂ ಸ್ವಭಾವದಲ್ಲಿ ಭೇದವಿಲ್ಲ, ಭೇದವಿರುವುದು ಕರ್ಮಮಲದಲ್ಲಿ. ವಿಂಧ್ಯಗಿರಿಯ ಸುಮಾರು 58 ಅಡಿ ಎತ್ತರದ ಗೊಮ್ಮಟಮೂರ್ತಿಯ ಅಡಿಯಲ್ಲಿ ನಿಂತವನಿಗೆ ಒಟ್ಟೊ ಹೇಳುವ ನಡುಕವೂ ಸೆಳೆತವೂ ಉಂಟಾಗುವುದು ನಿಜ. ಆದರೆ ಬಾಹುಬಲಿಯು ತೀರ್ಥಂಕರನೂ ಅಲ್ಲ. ಗೆದ್ದ ರಾಜ್ಯವನ್ನು ಗೆದ್ದ ಕ್ಷಣದಲ್ಲಿಯೇ ಬಿಟ್ಟನೆಂಬ ಒಂದೇ ಕಾರಣಕ್ಕೆ ಅಷ್ಟು ದೊಡ್ಡ ಕಲ್ಲು ಅವನ ರೂಪವನ್ನು ತಾಳಿತು. ಎತ್ತರವು ಪ್ರವಾಸಿಯನ್ನು ನಿಲ್ಲಿಸುತ್ತದೆ. ಕಾಲಿಗೆ ಹಬ್ಬಿದ ಬಳ್ಳಿ ಶ್ರಾವಕನನ್ನು ನಿಲ್ಲಿಸಬೇಕು.

ಈ ವಿಷಯದಲ್ಲಿ ಅತ್ಯಂತ ಖಚಿತವಾದ ವಿವೇಚನೆ ದೊರೆಯುವುದು ಎಂಟನೆಯ ಶತಮಾನದ ಅಕಲಂಕದೇವರ ತತ್ತ್ವಾರ್ಥರಾಜವಾರ್ತಿಕದಲ್ಲಿ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹನ್ನೆರಡು ಅನುಪ್ರೇಕ್ಷೆಗಳನ್ನು ಹೇಳುವ ಸೂತ್ರವಿದೆ. ಅವುಗಳಲ್ಲಿ ಅಶುಚಿ ಅನುಪ್ರೇಕ್ಷೆಯನ್ನು ವಿವರಿಸುವಾಗ ಅಕಲಂಕರು ಶುಚಿತ್ವವನ್ನು ಲೌಕಿಕ, ಲೋಕೋತ್ತರ ಎಂದು ಎರಡಾಗಿ ವಿಭಾಗಿಸುತ್ತಾರೆ. ಕಾಲ, ಅಗ್ನಿ, ಬೂದಿ, ಮಣ್ಣು, ಗೋಮಯ, ನೀರು ಮೊದಲಾಗಿ ಲೋಕವು ಶುದ್ಧಿಗೆ ಬಳಸುವ ಎಂಟು ಬಗೆಗಳನ್ನು ಅವರು ಲೌಕಿಕ ಶುಚಿಯ ಅಡಿಯಲ್ಲಿ ಹೇಳುತ್ತಾರೆ. ಲೋಕೋತ್ತರ ಶುಚಿಯ ಮಾತು ಬಂದಾಗ ಅವರ ಕ್ರಮವು ಬಹಳ ಗಮನಾರ್ಹವಾಗಿದೆ. ಕರ್ಮದ ಕೊಳೆಯನ್ನು ತೊಳೆದುಕೊಂಡ ಆತ್ಮವು ತನ್ನಲ್ಲಿಯೇ ನೆಲೆನಿಲ್ಲುವುದು ಮೊದಲನೆಯ ಶುಚಿ. ಅದಕ್ಕೆ ಸಾಧನವಾದ ಸಮ್ಯಗ್ದರ್ಶನಾದಿಗಳು ಆ ಬಳಿಕ. ಅವನ್ನುಳ್ಳ ಸಾಧುಗಳು ಅನಂತರ. ಕಡೆಯಲ್ಲಿ, ಅಂಥವರು ನೆಲೆಸಿದ್ದ ನಿರ್ವಾಣಭೂಮಿ ಮೊದಲಾದ ಸ್ಥಳಗಳು. ಇವು ಆ ಪ್ರಾಪ್ತಿಗೆ ಉಪಾಯವಾಗುವುದರಿಂದ ಶುಚಿಯೆಂಬ ಹೆಸರಿಗೆ ಅರ್ಹವಾಗುತ್ತವೆ ಎಂಬುದು ಆಚಾರ್ಯರ ಅಭಿಪ್ರಾಯ.

ಹೆಸರಿಗೆ ಅರ್ಹವಾಗುತ್ತವೆ ಎಂಬಲ್ಲಿಯೇ ಸೂಕ್ಷ್ಮವಿದೆ. ನೆಲವು ತಾನಾಗಿ ಶುಚಿಯಲ್ಲ. ಅಲ್ಲಿದ್ದವರಿಂದ ಅದಕ್ಕೆ ಹೆಸರು ಬಂದಿದೆ, ಅವರಿಗೆ ಅವರ ಗುಣದಿಂದ ಬಂದಿದೆ, ಗುಣಕ್ಕೆ ಅದು ತಲುಪಿಸುವ ಆತ್ಮಸ್ಥಿತಿಯಿಂದ ಬಂದಿದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಸ್ಥಳದ ಪಾವಿತ್ರ್ಯವು ಹುಂಡಿಯ ಕಾಗದದಂತೆ. ಹಿಂದೆ ಆಸ್ತಿಯಿದ್ದರೆ ಮಾತ್ರ ಅದಕ್ಕೆ ಬೆಲೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳನ್ನು ಓದಿದವರಿಗೆ ಇದು ಹೊಸದಲ್ಲ. ಅಲ್ಲಿನ ಪ್ರಾಚೀನ ಶಾಸನಗಳು ಬೆಟ್ಟವನ್ನು ಹೊಗಳುವುದಕ್ಕಿಂತ ಹೆಚ್ಚಾಗಿ, ಇಂಥವರು ಇಲ್ಲಿ ನೋಂತು ಸನ್ಯಸನದಿಂದ ಮುಡಿಪಿದರೆಂದು ಹೆಸರು ಹಿಡಿದು ದಾಖಲಿಸುತ್ತವೆ. ಬೆಟ್ಟವು ತೀರ್ಥವಾದದ್ದು ಹಾಗೆ. ಇಂದಿನ ಪತ್ರಿಕೆಗಳ ಭಾಷೆ ಅಕಲಂಕರ ಸಾಲನ್ನು ತಲೆಕೆಳಗಾಗಿ ಓದುತ್ತದೆ: ಮೊದಲು ಸ್ಥಳ, ಆಮೇಲೆ ಅಲ್ಲಿಗೆ ದಯಮಾಡಿಸುವವರು, ಆಮೇಲೆ ಎಲ್ಲಿಯಾದರೂ ಗುಣ. ಆತ್ಮದ ಸುದ್ದಿ ಬಂದರೆ ಬಂತು.

ಪವಿತ್ರವೆಂಬ ಶಬ್ದದ ವ್ಯಾಕರಣವೂ ಅಕಲಂಕರ ಪಕ್ಷದಲ್ಲಿಯೇ ಇದೆ. 'ಪೂ' ಎಂಬ ಧಾತುವಿಗೆ ಸಾಧನವನ್ನು ಸೂಚಿಸುವ ಪ್ರತ್ಯಯ ಸೇರಿ ಈ ರೂಪವಾಗಿದೆ. ಸೋಮರಸವನ್ನು ಸೋಸುವ ಶೋಧಕಕ್ಕೆ ವೈದಿಕರು ಪವಿತ್ರವೆಂದೇ ಹೆಸರಿಟ್ಟಿದ್ದರು. ಬೆರಳಿಗೆ ಹಾಕುವ ದರ್ಭೆಯ ಉಂಗುರಕ್ಕೂ ಅದೇ ಹೆಸರು. ಅಂದರೆ ಪವಿತ್ರವೆಂಬುದು ಸೋಸುವ, ಶುದ್ಧಿ ಮಾಡುವ ಉಪಕರಣ. ಜರಡಿಯನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟು ಆರತಿ ಎತ್ತಿದರೆ ಹಿಟ್ಟು ಶುದ್ಧವಾಗುವುದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಧಾತುವನ್ನು ಬಳಸಿರುವ ಒಂದು ಸ್ಥಳವಂತೂ ಓದುಗನನ್ನು ತಡೆದು ನಿಲ್ಲಿಸುವಂತಿದೆ. ನಿರ್ವಿಚಿಕಿತ್ಸೆಯೆಂಬ ಸಮ್ಯಗ್ದರ್ಶನದ ಮೂರನೆಯ ಅಂಗವನ್ನು ವಿವರಿಸುತ್ತ ಅವರು ಮುನಿಯ ದೇಹವು ಸ್ವಭಾವದಿಂದ ಅಶುಚಿಯೆಂದೂ ರತ್ನತ್ರಯದಿಂದ ಪವಿತ್ರಗೊಂಡುದೆಂದೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆ ಅಂಗಕ್ಕೆ ಅವರು ಹೆಸರಿಸುವ ದೃಷ್ಟಾಂತ ಉದ್ದಾಯನ ರಾಜನದು. ರೋಗಪೀಡಿತ ಮುನಿಯ ವೇಷದಲ್ಲಿ ಬಂದ ದೇವನು ಆಹಾರವನ್ನು ಸ್ವೀಕರಿಸಿ ವಾಂತಿ ಮಾಡಿದಾಗ, ಪರಿವಾರದವರು ದುರ್ಗಂಧಕ್ಕೆ ಓಡಿಹೋದರೂ ರಾಜನು ಅಸಹ್ಯಪಡದೆ ತಾನೇ ಶುದ್ಧಿ ಮಾಡಿದನೆಂಬುದು ಕಥೆ. ಅಲ್ಲಿ ಅಶುಚಿಯೂ ಪವಿತ್ರವೂ ಒಂದೇ ದೇಹದಲ್ಲಿವೆ. ಬೇಲಿ ಹಾಕಿ ಬೇರೆ ಇಡುವುದಕ್ಕೆ ಎಡೆಯೇ ಇಲ್ಲ. ಅದೇ ಗ್ರಂಥದಲ್ಲಿ ಮುಂದೆ, ಸಮ್ಯಗ್ದರ್ಶನವುಳ್ಳವನು ಚಂಡಾಲಕುಲದಲ್ಲಿ ಹುಟ್ಟಿದ್ದರೂ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ಬೆಳಗುವವನೆಂದೂ, ನದೀಸ್ನಾನ, ಸಮುದ್ರಸ್ನಾನ, ಮರಳು ಕಲ್ಲುಗಳ ರಾಶಿ ಹಾಕುವುದು ಮುಂತಾದವು ಲೋಕಮೂಢತೆಯೆಂದೂ ಆಚಾರ್ಯರು ಹೇಳಿರುವುದನ್ನು ಮಡಿಯ ವಿಚಾರದಲ್ಲಿ ಕಟ್ಟುನಿಟ್ಟಾಗಿರುವವರು ಸಾವಕಾಶವಾಗಿ ಓದಬೇಕು. ಅಭಿಷೇಕಕ್ಕೆ ನಿಲ್ಲುವವನು ಮಿಂದು ಮಡಿಯುಟ್ಟು ಬರುವುದು ಯೋಗ್ಯವೇ. ಅಕಲಂಕರ ವಿಭಾಗದಲ್ಲಿ ಅದು ಲೌಕಿಕ ಶುಚಿ. ಅದಕ್ಕೆ ಅದರ ಸ್ಥಾನವಿದೆ. ಮಡಿಯ ಪಂಚೆಯನ್ನು ಲೋಕೋತ್ತರದ ಖಾತೆಗೆ ಜಮಾ ಮಾಡುವುದು ಮಾತ್ರ ತಪ್ಪು ಲೆಕ್ಕ.

ಇದಕ್ಕಿಂತ ಹೆಚ್ಚು ನೋವುಂಟುಮಾಡುವುದು ಶೌಚವೆಂಬ ಶಬ್ದಕ್ಕೆ ಬಂದ ಗತಿ. ಇಂದಿನ ಕನ್ನಡದಲ್ಲಿ ಈ ಮಾತು ಬಸ್ ನಿಲ್ದಾಣದ ಮೂಲೆಯ ಕಟ್ಟಡವೊಂದರ ಹೆಸರಿನಲ್ಲಿ ಉಳಿದುಕೊಂಡಿದೆ. ತತ್ತ್ವಾರ್ಥಸೂತ್ರದ ಕ್ರಮದಲ್ಲಿ ದಶಧರ್ಮಗಳಲ್ಲಿ ನಾಲ್ಕನೆಯದು ಉತ್ತಮ ಶೌಚ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಶೌಚಕ್ಕೆ ಕೊಟ್ಟ ಅರ್ಥ ಲೋಭದ ನಿವೃತ್ತಿ. ನೀರಿಲ್ಲ, ಮಣ್ಣಿಲ್ಲ, ಮಂತ್ರವಿಲ್ಲ. ಲೋಭ ಹೋದರೆ ಶೌಚ. ಶುದ್ಧಿಗೆ ಇಷ್ಟು ನೇರವಾದ, ವರ್ತಕ ಸಮಾಜಕ್ಕೆ ಇಷ್ಟು ಇರಿಯುವಂಥ ವ್ಯಾಖ್ಯೆಯನ್ನು ಬೇರೆಲ್ಲಿಯೂ ಕಾಣುವುದು ಕಷ್ಟ. ದಶಲಕ್ಷಣ ಪರ್ವದಲ್ಲಿ ಆ ದಿನವೂ ಮೊದಲ ಅಭಿಷೇಕಕ್ಕೆ, ಶಾಂತಿಧಾರೆಗೆ, ಆರತಿಗೆ ಸವಾಲು ಕೂಗುವ ರೂಢಿ ಹಲವು ಕಡೆಗಳಲ್ಲಿದೆ. ಸವಾಲಿನ ಹಣದಿಂದ ಎಷ್ಟೋ ಬಸದಿಗಳು ಮಳೆಗಾಲದಲ್ಲಿ ಸೋರದೆ ನಿಂತಿವೆ ಎಂಬುದನ್ನು ಮರೆಯಲಾಗದು. ಹಳ್ಳಿಯ ಬಸದಿಯ ಆದಾಯ-ವೆಚ್ಚಗಳನ್ನು ಬಲ್ಲವರು ಆ ಪದ್ಧತಿಯನ್ನು ಹಗುರವಾಗಿ ಹಳಿಯುವುದಿಲ್ಲ. ಆಕ್ಷೇಪವಿರುವುದು ಭಾಷೆಯ ಬಗೆಗೆ. ಹೆಚ್ಚು ಕೂಗಿದವನಿಗೆ ಪುಣ್ಯಾರ್ಜನೆಯಾಯಿತೆಂದು ಧ್ವನಿವರ್ಧಕದಲ್ಲಿ ಸಾರುವಾಗ ಪುಣ್ಯವೆಂಬ ಮಾತಿಗೆ ದರಪಟ್ಟಿ ಅಂಟುತ್ತದೆ. ಬಸದಿಯ ದುರಸ್ತಿಗೆ ಇಂಥವರು ಇಷ್ಟು ಹಣ ಕೊಟ್ಟರು ಎಂದು ಹೇಳಿದರೆ ಅದು ಸತ್ಯವೂ ಆಗುತ್ತದೆ, ಸಾಲುತ್ತದೆ. ಅವನ ಪುಣ್ಯದ ಲೆಕ್ಕವನ್ನು ಬರೆಯುವ ಅಧಿಕಾರ ಟ್ರಸ್ಟಿಗಿಲ್ಲ.

ಅತಿಶಯವೆಂಬ ಇನ್ನೊಂದು ಶಬ್ದವೂ ಇದೇ ದಾರಿಯಲ್ಲಿ ಸಾಗಿದೆ. ಅರ್ಹಂತರ ಮೂವತ್ನಾಲ್ಕು ಅತಿಶಯಗಳನ್ನು ಶಾಸ್ತ್ರವು ಹೇಳುತ್ತದೆ. ಸಿದ್ಧಕ್ಷೇತ್ರಗಳೊಂದಿಗೆ ಅತಿಶಯಕ್ಷೇತ್ರಗಳನ್ನು ಗುರುತಿಸುವ ಸಂಪ್ರದಾಯವೂ ಇದೆ. ಆದರೆ ಈಚಿನ ದಶಕಗಳಲ್ಲಿ ಪ್ರತಿಯೊಂದು ಊರಿನ ಬಸದಿಯೂ ನಾಮಫಲಕದಲ್ಲಿ ಆ ಬಿರುದನ್ನು ಧರಿಸತೊಡಗಿದೆ. ಹರಕೆ ಫಲಿಸಿತೆಂಬ, ರೋಗ ವಾಸಿಯಾಯಿತೆಂಬ ವೃತ್ತಾಂತಗಳು ಕಿರುಹೊತ್ತಗೆಗಳಲ್ಲಿ ಅಚ್ಚಾಗುತ್ತವೆ. ಆಪ್ತಮೀಮಾಂಸೆಯ ಆರಂಭದಲ್ಲಿಯೇ ಸಮಂತಭದ್ರರು ಜಿನನನ್ನು ಉದ್ದೇಶಿಸಿ ಹೇಳುವ ಮಾತಿನ ತಾತ್ಪರ್ಯ ಇಂಥವರಿಗೆ ತಿಳಿಯದುದಲ್ಲ: ದೇವತೆಗಳು ಇಳಿದುಬರುವುದು, ಆಕಾಶದಲ್ಲಿ ನಡೆಯುವುದು, ಚಾಮರ ಬೀಸುವುದು ಇವೆಲ್ಲ ಮಾಯಾವಿಗಳಲ್ಲಿಯೂ ಕಾಣುತ್ತವೆ, ನೀನು ದೊಡ್ಡವನೆನ್ನುವುದಕ್ಕೆ ಇವು ಕಾರಣವಲ್ಲ. ಭಗವಂತನ ಮುಂದೆ ನಿಂತು, ಅವನ ಪವಾಡವನ್ನು ಲೆಕ್ಕಕ್ಕೆ ಹಿಡಿಯಲಾರೆನೆಂದು ಹೇಳಿದ ಸ್ತುತಿಕಾರರು ಜಗತ್ತಿನ ಧಾರ್ಮಿಕ ಸಾಹಿತ್ಯದಲ್ಲಿ ಎಷ್ಟು ಮಂದಿ ಸಿಕ್ಕಿಯಾರು? ಆ ಪರಂಪರೆಯವರು ಫಲಕದ ಮೇಲೆ ಅತಿಶಯವನ್ನು ಬರೆಯಿಸುವ ಮೊದಲು ಕ್ಷಣಕಾಲ ಯೋಚಿಸಬಹುದು.

ಇದೆಲ್ಲ ಪಂಡಿತರ ಮಾತಾಯಿತು, ಸಾಮಾನ್ಯ ಶ್ರಾವಕಿಗೆ ಭಾವನೆ ಮುಖ್ಯ, ಶಬ್ದಾರ್ಥವಲ್ಲ ಎಂಬ ಆಕ್ಷೇಪ ಬರುವುದು ಸಹಜ. ಬೆಳಗಿನ ಚಳಿಯಲ್ಲಿ ಅಕ್ಕಿ, ಹೂ ಹಿಡಿದು ಬಸದಿಗೆ ಬರುವ ತಾಯಿಯ ಭಕ್ತಿಯನ್ನು ವ್ಯಾಕರಣದಿಂದ ಅಳೆಯಲಾಗದು, ನಿಜ. ಆದರೆ ಭಾವನೆಗೂ ಆಚಾರ್ಯರು ಎಡೆಮಾಡಿಕೊಟ್ಟಿದ್ದಾರೆ. ಸ್ವಯಂಭೂಸ್ತೋತ್ರದಲ್ಲಿ ವಾಸುಪೂಜ್ಯ ತೀರ್ಥಂಕರರನ್ನು ಸ್ತುತಿಸುವಾಗ ಸಮಂತಭದ್ರರು, ವೀತರಾಗನಿಗೆ ಪೂಜೆಯಿಂದಲೂ ನಿಂದೆಯಿಂದಲೂ ಆಗಬೇಕಾದುದೇನಿಲ್ಲವೆಂದು ಒಪ್ಪಿಕೊಂಡು, ಆದರೂ ಅವನ ಗುಣಗಳ ಸ್ಮರಣೆಯು ಸ್ಮರಿಸುವವರ ಚಿತ್ತವನ್ನು ಪಾಪದ ಕೊಳೆಯಿಂದ ಶುದ್ಧಿಗೊಳಿಸುತ್ತದೆ ಎನ್ನುತ್ತಾರೆ. ಅಲ್ಲಿಯೂ ಬಂದಿರುವ ಕ್ರಿಯಾಪದ 'ಪೂ' ಧಾತುವಿನದೇ. ಪೂಜಿಸುವವಳ ಮನಸ್ಸಿನಲ್ಲಿ ಏನಾಗುತ್ತದೆ ಎಂಬಲ್ಲಿ ಪವಿತ್ರತೆಯನ್ನು ಹುಡುಕಿರುವ ಈ ನೋಟವು ಆ ತಾಯಿಯನ್ನು ಕಡೆಗಣಿಸುವುದಿಲ್ಲ. ಅವಳನ್ನೇ ನಡುವಿಗೆ ತರುತ್ತದೆ. ಅವಳನ್ನು ಕಡೆಗಣಿಸುವುದು ಸವಾಲಿನ ಪಟ್ಟಿ.

ಪವಿತ್ರಕ್ಕೆ ಪ್ರತಿಯಾದುದು ಯಾವುದು ಎಂಬ ಪ್ರಶ್ನೆಯಲ್ಲಿಯೂ ಕನ್ನಡ ಜೈನರ ದಾರಿ ಡರ್ಖೀಮನದಕ್ಕಿಂತ ಬೇರೆ. ಪಂಪನು 941ರಲ್ಲಿ ಆದಿಪುರಾಣವನ್ನು ಮುಗಿಸಿದನು. ತನ್ನ ಎರಡು ಕಾವ್ಯಗಳ ಪೈಕಿ ಭಾರತದಲ್ಲಿ ಲೌಕಿಕವನ್ನೂ ಪುರಾಣದಲ್ಲಿ ಜಿನಾಗಮವನ್ನೂ ಬೆಳಗುವುದಾಗಿ ಹೇಳಿಕೊಂಡನು. ಲೌಕಿಕವೆಂದರೆ ಹೊಲಸಾದುದಲ್ಲ, ಅಸ್ಪೃಶ್ಯವಾದುದೂ ಅಲ್ಲ, ಅದೂ ಬೆಳಗತಕ್ಕದ್ದೇ. 959ರಲ್ಲಿ ಯಶಸ್ತಿಲಕವನ್ನು ರಚಿಸಿದ ಸೋಮದೇವಸೂರಿಯೂ ಗೃಹಸ್ಥನಿಗೆ ಲೌಕಿಕ, ಪಾರಲೌಕಿಕ ಎಂದು ಎರಡು ಧರ್ಮಗಳನ್ನು ಹೇಳಿ, ಸಮ್ಯಕ್ತ್ವಕ್ಕೆ ಹಾನಿಯಾಗದ, ವ್ರತಕ್ಕೆ ದೋಷ ಬಾರದ ಎಲ್ಲ ಲೋಕವ್ಯವಹಾರವೂ ಜೈನರಿಗೆ ಸಮ್ಮತವೆಂದನು. ದೀಪಾವಳಿಯಂದು ಹೊಸ ಖಾತೆಪುಸ್ತಕದ ಮೊದಲ ಪುಟದಲ್ಲಿ ಶುಭ, ಲಾಭ ಎಂದು ಬರೆಯುವುದರಲ್ಲಿ ಆದುದರಿಂದ ಸಂಕೋಚಪಡುವಂಥದ್ದೇನೂ ಇಲ್ಲ. ಆದರೆ ಅದೇ ದಿನ ಮಹಾವೀರನಿರ್ವಾಣ. ತತ್ತ್ವಾರ್ಥಸೂತ್ರದ ಮಂಗಲಾಚರಣೆಯಲ್ಲಿ ವಂದನೆಗೆ ಕೊಟ್ಟಿರುವ ಏಕೈಕ ಕಾರಣ ಆ ಗುಣಗಳ ಲಬ್ಧಿ. ಲಾಭವೂ ಲಬ್ಧಿಯೂ ಒಂದೇ ಧಾತುವಿನ ಮಕ್ಕಳು.

ಇನ್ನು ಮಂಗಲವೆಂಬ ಮಾತು. ಇದರ ವಿಸ್ತಾರವಾದ ವಿವೇಚನೆ ವೀರಸೇನಾಚಾರ್ಯರ ಧವಲಾ ಟೀಕೆಯ ಆದಿಭಾಗದಲ್ಲಿದೆ. ಷಟ್ಖಂಡಾಗಮಕ್ಕೆ 816ರಲ್ಲಿ ಮುಗಿದ, ಸುಮಾರು 72,000 ಶ್ಲೋಕಪ್ರಮಾಣದ ಟೀಕೆಯಿದು. ಪಂಚನಮಸ್ಕಾರವೇ ಆ ಆಗಮದ ಮಂಗಲವಾಗಿರುವುದರಿಂದ, ಮಂಗಲವೆಂದರೇನೆಂದು ವೀರಸೇನರು ಕೇಳಿಕೊಂಡು ಪುಣ್ಯ, ಪೂತ, ಪವಿತ್ರ ಮೊದಲಾದ ಶಬ್ದಗಳನ್ನು ಅದಕ್ಕೆ ಸಮಾನಾರ್ಥಕವಾಗಿ ಕೊಡುತ್ತಾರೆ. ಮಲವನ್ನು ಗಾಲಿಸುವುದು, ಎಂದರೆ ಕರಗಿಸಿ ಹರಿಯಿಸುವುದು ಮಂಗಲವೆಂದು ನಿರುಕ್ತಿ ಹೇಳುತ್ತಾರೆ. ನಾಮ, ಸ್ಥಾಪನೆ ಮೊದಲಾದ ನಿಕ್ಷೇಪಗಳ ಮೂಲಕ, ಬರಿಯ ಹೆಸರಿನ ಮಂಗಲ ಯಾವುದು, ಭಾವದ ಮಂಗಲ ಯಾವುದು ಎಂದು ವಿಂಗಡಿಸುತ್ತಾರೆ. ನಿಕ್ಷೇಪವೆಂಬ ಮಾತಿಗೆ ಬಳಕೆಯ ಭಾಷೆಯಲ್ಲಿ ಠೇವಣಿಯೆಂಬ ಅರ್ಥವೂ ಉಂಟು. ಒಂದು ಶಬ್ದದಲ್ಲಿ ಯಾವ ಅರ್ಥವನ್ನು ಇಡಲಾಗಿದೆಯೆಂದು ನೋಡದೆ ಅದನ್ನು ಚಲಾವಣೆಗೆ ಬಿಡಬಾರದೆಂಬುದು ಈ ಶಾಸ್ತ್ರದ ಶಿಸ್ತು.

ಈ ಗ್ರಂಥದ ಇತಿಹಾಸವೇ ಇಡೀ ಪ್ರಶ್ನೆಯನ್ನು ಕಣ್ಣಮುಂದೆ ಇಡುತ್ತದೆ. ಧವಲಾ, ಜಯಧವಲಾ, ಮಹಾಬಂಧಗಳ ಪ್ರಾಚೀನ ಓಲೆಪ್ರತಿಗಳು ಉಳಿದದ್ದು ಮೂಡುಬಿದಿರೆಯಲ್ಲಿ. ಗುರುಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರು ಬಂದುದೂ ಇವುಗಳಿಂದಲೇ. ಯಾತ್ರಿಕರು ದೂರದಿಂದ ಬಂದು ಸಿದ್ಧಾಂತದರ್ಶನವನ್ನು ಮಾಡಿಕೊಂಡು, ಕಾಣಿಕೆಯಿಟ್ಟು, ಕೃತಾರ್ಥರಾಗಿ ಹಿಂದಿರುಗುತ್ತಿದ್ದರು. ಓಲೆಗಳನ್ನು ಬಿಚ್ಚಿ ಓದುವವರಿಲ್ಲದೆ ಶತಮಾನಗಳು ಕಳೆದವು. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಪ್ರತಿ ಮಾಡಿಸುವ ಪ್ರಯತ್ನ ಆರಂಭವಾದಾಗ ಹಿಂಜರಿಕೆಗಳಿದ್ದವು. ಗೃಹಸ್ಥರಿಗೆ ಸಿದ್ಧಾಂತಗ್ರಂಥಗಳ ಅಧ್ಯಯನದ ಅಧಿಕಾರವಿಲ್ಲವೆಂಬ ವಾದವೂ ನಡೆಯಿತು. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲನೆಯ ಸಂಪುಟ ಅಮರಾವತಿಯಿಂದ ಹೊರಬಂದದ್ದು 1939ರಲ್ಲಿ. ಹದಿನಾರು ಸಂಪುಟಗಳು ಪೂರ್ಣವಾಗಲು ಸುಮಾರು ಇಪ್ಪತ್ತು ವರ್ಷಗಳು ಹಿಡಿದವು.

ಕಾಪಾಡಿದವರನ್ನು ದೂಷಿಸುವುದು ಕೃತಘ್ನತೆಯಾದೀತು. ಅವರ ಭಯಭಕ್ತಿಯಿಲ್ಲದಿದ್ದರೆ ಓಲೆಗಳು ಗೆದ್ದಲಿಗೋ ತೇವಕ್ಕೋ ಆಹುತಿಯಾಗುತ್ತಿದ್ದವು. ಬೇರೆಡೆ ಮೂಲಪ್ರತಿಗಳು ಉಳಿಯಲಿಲ್ಲವೆಂಬುದೇ ಇದಕ್ಕೆ ಸಾಕ್ಷಿ. ಬೇಲಿ ಹಾಕುವುದರಿಂದಲೂ ಒಂದು ಪ್ರಯೋಜನವಿದೆಯೆಂಬ ಮಟ್ಟಿಗೆ ಡರ್ಖೀಮನ ಮಾತು ಇಲ್ಲಿ ಸಂದಿತು. ಆದರೂ ಒಂದು ಸಂಗತಿ ಮನಸ್ಸನ್ನು ಕೊರೆಯದೆ ಬಿಡದು. ಮಂಗಲವೆಂದು ಆ ಕಟ್ಟಿಗೆ ಕೈಮುಗಿದವರಿಗೆ, ಮಂಗಲವೆಂದರೇನೆಂದು ವಿವರಿಸಿದ ಓಲೆಗಳು ಅದೇ ಕಟ್ಟಿನೊಳಗೆ ಇದ್ದವೆಂಬುದು ತಿಳಿದಿರಲಿಲ್ಲ. ದರ್ಶನವೆಂಬ ಶಬ್ದಕ್ಕೆ ನೋಡುವುದು, ಶ್ರದ್ಧಾನ ಎಂಬ ಎರಡು ಅರ್ಥಗಳಿರುವಲ್ಲಿ ಮೊದಲನೆಯದೊಂದೇ ಉಳಿದಿತ್ತು.

ಗ್ರಂಥವನ್ನು ಗೌರವಿಸುವ ಮತ್ತೊಂದು ರೀತಿಯನ್ನೂ ಇದೇ ನಾಡು ಕಂಡಿತ್ತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಭಂಡಾರಗಳ ಬಾಗಿಲು ತೆರೆದು, ಓಲೆಗಳನ್ನು ಬಿಚ್ಚಿ, ಧೂಳು ಒರೆಸಿ, ಹೊಸ ಬಟ್ಟೆ ಸುತ್ತುವ ವಾಡಿಕೆಯಿದೆ. ಆ ದಿನ ಟ್ರಸ್ಟುಗಳು ಒಂದು ಅಧ್ಯಾಯವನ್ನಾದರೂ ಓದಿಸಿ ಅರ್ಥ ಹೇಳಿಸಿದರೆ, ಆಮಂತ್ರಣ ಪತ್ರಿಕೆಯಲ್ಲಿ ಪವಿತ್ರ ಗ್ರಂಥವೆಂದು ಬರೆಯದಿದ್ದರೂ ನಡೆಯುತ್ತದೆ. ಮೂಡುಬಿದಿರೆಯ ಮಹಾಬಂಧದ ಓಲೆಪ್ರತಿಯ ಪ್ರಶಸ್ತಿಯಲ್ಲಿ ಮಲ್ಲಿಕಬ್ಬೆಯೆಂಬ ಶ್ರಾವಕಿಯ ಹೆಸರಿದೆ. ಅವಳು ಶ್ರೀಪಂಚಮಿ ವ್ರತವನ್ನು ನೋಂತು, ಅದರ ಉದ್ಯಾಪನೆಗೆಂದು ಆ ಗ್ರಂಥವನ್ನು ಬರೆಯಿಸಿ, ಮಾಘನಂದಿ ಮುನಿಯ ಕೈಗೆ ಕೊಟ್ಟಳು.